ಎಲ್ಲ ಮನೆಯೂ ಸರ್ಕಾರದ್ದಾದರೆ ಹಂಚೋರು ಯಾರು?

ಬಾಡಿಗೆ ಏರಿದಾಗಲೆಲ್ಲ ಯಾರಾದರೂ ಈ ಮಾತು ತೆಗೆದೇ ತೆಗೆಯುತ್ತಾರೆ. ಮನೆಗಳನ್ನೆಲ್ಲ ಸರ್ಕಾರವೇ ತಗೊಂಡು ಬೇಕಾದವರಿಗೆ ಹಂಚಿಬಿಡಲಿ, ಕಥೆ ಮುಗೀತು ಅಂತ. ಒಬ್ಬನಿಗೆ ಹತ್ತು ಮನೆ, ಇನ್ನೊಬ್ಬನಿಗೆ ಸೂರೇ ಇಲ್ಲ ಅಂದರೆ ನನಗೂ ಸಿಟ್ಟು ಬರುತ್ತದೆ. ಆದರೂ ಇದಕ್ಕೆ ನಾನು ಒಪ್ಪುವುದಿಲ್ಲ.

ಸರ್ಕಾರಕ್ಕೆ ಮನೆ ಕಟ್ಟೋಕೆ ಬರಲ್ಲ ಅಂತಲ್ಲ. ಸೋವಿಯತ್ ಒಕ್ಕೂಟ 1957ರ ನಂತರ ಕಾರ್ಖಾನೆಯಲ್ಲೇ ಕಾಂಕ್ರೀಟ್ ಗೋಡೆಗಳನ್ನು ಎರಕ ಹೊಯ್ದು, ಲಿಫ್ಟ್ ಇಲ್ಲದ ಐದಂತಸ್ತಿನ ಕಟ್ಟಡಗಳನ್ನು ಸಾಲುಸಾಲಾಗಿ ಎಬ್ಬಿಸಿತು. ಒಂದೇ ಅಡುಗೆಮನೆ, ಒಂದೇ ಬಚ್ಚಲಲ್ಲಿ ನಾಲ್ಕಾರು ಸಂಸಾರ ಏಗುತ್ತಿದ್ದ ಜನಕ್ಕೆ ತಮ್ಮದೇ ಬಾಗಿಲು ಸಿಕ್ಕಿತು. ಬಾಡಿಗೆಯೂ ತೀರಾ ಕಡಿಮೆ. ಇದು ಸಣ್ಣ ಸಾಧನೆಯಲ್ಲ, ಸುಮ್ನೆ ತಳ್ಳಿಹಾಕಬಾರದು.

ಎಡವಟ್ಟಾಗಿದ್ದು ಹಂಚೋದರಲ್ಲಿ. ಬೆಲೆ ಇಲ್ಲದ ಕಡೆ ಕ್ಯೂ ಬರುತ್ತದೆ, ಅದೂ ವರ್ಷಗಟ್ಟಲೆ, ಕ್ಯೂ ಬಂದ ಕಡೆ ವಶೀಲಿ ಬಂದೇ ಬರುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಸರ್ಕಾರಿ ಮನೆ ಮಾರುವ ಹಾಗಿರಲಿಲ್ಲ, ಅದಲುಬದಲು ಮಾಡಿಕೊಳ್ಳಬಹುದಿತ್ತು. ಜನ ಅದಲುಬದಲಿನ ಹೆಸರಲ್ಲೇ ಗುಟ್ಟಾಗಿ ದುಡ್ಡು ಕೊಟ್ಟರು, ಮನೆಗಾಗಿ ಕಾಗದದ ಮೇಲೆ ಮದುವೆಯನ್ನೂ ಆದರು. ಕ್ಯೂಬಾದಲ್ಲಿ ಬಾಡಿಗೆಯಲ್ಲಿದ್ದವರಿಗೇ ಮನೆ ಬರೆದುಕೊಟ್ಟರೂ ಕೊಳ್ಳೋದು ಮಾರೋದನ್ನು ತಡೆದರು, ಅಲ್ಲೂ ಇದೇ ಆಯಿತು. ಕೊನೆಗೆ 2011ರಲ್ಲಿ ಮಾರಾಟಕ್ಕೆ ಬಿಟ್ಟರು.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತದೆ. ಚೀನಾದ ನಗರಗಳಲ್ಲಿ 1998ರವರೆಗೂ ಎಷ್ಟೋ ಜನಕ್ಕೆ ಮನೆ ಸಿಗುತ್ತಿದ್ದದ್ದು ಕೆಲಸ ಮಾಡುವ ಜಾಗದಿಂದಲೇ. ಅಂದರೆ ಮೇಲಧಿಕಾರಿ ಜೊತೆ ಜಗಳ ಆಡೋ ಮುಂಚೆ ಹೆಂಡತಿ ಮಕ್ಕಳು ಎಲ್ಲಿ ಮಲಗಬೇಕು ಅಂತ ಯೋಚಿಸಬೇಕು, ಅಲ್ವಾ? ಕೆಟ್ಟ ಮಾಲೀಕ ಸಿಕ್ಕರೆ ಇನ್ನೊಬ್ಬನ ಹತ್ತಿರ ಹೋಗಬಹುದು. ಇರೋದೇ ಒಬ್ಬ ಮಾಲೀಕ, ಪೊಲೀಸರೂ ಅವನ ಕೈಕೆಳಗೇ ಅಂದರೆ ಎಲ್ಲಿಗೆ ಹೋಗ್ತೀರಿ? ಅದೂ ಅಲ್ಲದೆ ತಲೆಗಿಷ್ಟು ಜಾಗ ಅಂತ ಅಳೆದು ಕೊಡಬಹುದು, ಆದರೆ ಅಮ್ಮನ ಮನೆ ಹತ್ತಿರವೇ ಇರಬೇಕು, ಮಂಡಿನೋವು ಇದೆ ನೆಲಮಹಡಿಯೇ ಬೇಕು ಅನ್ನೋದನ್ನೆಲ್ಲ ಯಾವ ಅರ್ಜಿಯಲ್ಲಿ ಬರೆಯೋದು?

ಸಿಂಗಪುರ ಇದೆಯಲ್ಲ ಅಂತಾರೆ. ಅಲ್ಲಿ ಸುಮಾರು 80% ಜನ ಸರ್ಕಾರ ಕಟ್ಟಿದ ಫ್ಲ್ಯಾಟ್‌ಗಳಲ್ಲಿದ್ದಾರೆ, ನಿಜ. ಆದರೆ ಹೆಚ್ಚಿನವರು ಅದನ್ನು 99 ವರ್ಷದ ಲೀಸ್ ಮೇಲೆ ಕೊಂಡವರು, ಕೆಲವು ವರ್ಷ ಇದ್ದು ಆಮೇಲೆ ಮಾರುತ್ತಾರೆ ಕೂಡ. ಅಂದರೆ ಅಲ್ಲೂ ಮನೆಗೆ ಬೆಲೆ ಅನ್ನೋದು ಇದ್ದೇ ಇದೆ! ನನಗೆ ಹಿಡಿಸೋದು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ. ನಗರಾಡಳಿತದ್ದೇ ಸುಮಾರು 2,20,000 ಫ್ಲ್ಯಾಟ್‌ಗಳಿವೆ, ಲಾಭಕ್ಕೆ ಮಿತಿ ಇರುವ ಸಂಘಗಳ ಮನೆಗಳೂ ಬೇಕಾದಷ್ಟಿವೆ, ಖಾಸಗಿಯವರೂ ಪಕ್ಕದಲ್ಲೇ ಇದ್ದಾರೆ. ಸರ್ಕಾರ ದೊಡ್ಡ ಮಾಲೀಕನಾಗಲಿ, ಬೇಕಾದರೆ ಊರಿಗೇ ದೊಡ್ಡವನಾಗಲಿ. ಒಬ್ಬನೇ ಆಗೋದು ಬೇಡ.

ಮನೆ ಬಿಟ್ಟು ಜಮೀನನ್ನಷ್ಟೇ ಸರ್ಕಾರ ಇಟ್ಟುಕೊಂಡು ಲೀಸ್‌ಗೆ ಕೊಡಲಿ ಅನ್ನೋರಿದ್ದರೆ ಹೇಳಿ, ಆ ಚರ್ಚೆಗೆ ನಾನು ಸಿದ್ಧ.