ಐದು ಬೆರಳಲ್ಲಿ ಇಂಗ್ಲಿಷ್ ವಾಕ್ಯ: ತರಗತಿ ಸನ್ನೆಗಳ ಪ್ರಯೋಗ, 6ನೇ ವಾರ

ಐದನೇ ತರಗತಿಯ ಇಂಗ್ಲಿಷ್ ಪಿರಿಯಡ್‌ಗೆಂದು ಮಾಡಿಕೊಂಡಿದ್ದ ಸನ್ನೆಗಳ ಪಟ್ಟಿ ಈ ವಾರ 14ರಿಂದ 6ಕ್ಕೆ ಇಳಿದಿದೆ. ಸನ್ನೆ ಜಾಸ್ತಿಯಾದರೆ ಮಕ್ಕಳು ವಾಕ್ಯ ಬಿಟ್ಟು ಸನ್ನೆಯ ಅರ್ಥ ಊಹಿಸುತ್ತ ಕೂರುತ್ತಾರೆ. ಉಳಿದವುಗಳಲ್ಲಿ ಹೆಚ್ಚು ಕೆಲಸಕ್ಕೆ ಬಂದಿರುವುದು ಬೆರಳಿನ ತಿದ್ದುಪಡಿ: ಪದಕ್ಕೊಂದು ಬೆರಳು ಹಿಡಿದು, ತಪ್ಪಿದ ಪದದ ಬೆರಳನ್ನು ತೋರಿಸುವುದು. ಶಿಕ್ಷಕರು ಆದಷ್ಟು ಮೌನವಾಗಿದ್ದು ಭಾಷೆ ಕಲಿಸುವ, ಕೇಲಬ್ ಗಟೆಗ್ನೊ ಅವರ ‘ಸೈಲೆಂಟ್ ವೇ’ ಪದ್ಧತಿಯವರು ಇದನ್ನು ತುಂಬ ಬಳಸುತ್ತಾರೆ.

ವಾಕ್ಯ: ‘ಶಿ ಗೋಸ್ ಟು ದ ಮಾರ್ಕೆಟ್’. ಐದು ಪದ, ಐದು ಬೆರಳು. ಎಡಗೈ ಎದೆಮಟ್ಟಕ್ಕೆ ಎತ್ತಿ, ಅಂಗೈ ಮಕ್ಕಳ ಕಡೆಗಿಟ್ಟು, ಹೆಬ್ಬೆರಳಿನಿಂದ ಶುರು ಮಾಡಿ. ಆಗ ಮಕ್ಕಳ ಕಣ್ಣಿಗೆ ವಾಕ್ಯ ಎಡದಿಂದ ಬಲಕ್ಕೆ ಸಾಗುತ್ತದೆ. ಮೊದಲೆರಡು ವಾರ ಎಡವಟ್ಟಾಗಿದ್ದು ಇಲ್ಲೇ: ಬಲಗೈಯನ್ನು ಹಾಗೆ ಹಿಡಿದು ಹೆಬ್ಬೆರಳಿನಿಂದ ಎಣಿಸಿದರೆ ಬೋರ್ಡಿನ ವಾಕ್ಯ ಒಂದು ಕಡೆಗೆ, ಬೆರಳು ಇನ್ನೊಂದು ಕಡೆಗೆ. ಬೆಳಕಿನ ಕಿಟಕಿಗೆ ಬೆನ್ನು ಮಾಡಿ ನಿಂತರಂತೂ ಹಿಂದಿನ ಬೆಂಚಿಗೆ ಕೈ ಬರೀ ಕಪ್ಪು ನೆರಳು.

ಮಗು ‘ಶಿ ಗೋ ಟು ಮಾರ್ಕೆಟ್’ ಅಂದಾಗ ಬಾಯಿ ಬಿಡದೆ ಉಂಗುರ ಬೆರಳನ್ನು ಬಲಗೈಯಿಂದ ಹಿಡಿಯಿರಿ. ಕನ್ನಡದಲ್ಲಿ ‘ದ’ಗೆ ಸಮನಾದ ಪದವಿಲ್ಲ, ಬಿಟ್ಟುಹೋಗುವುದು ಸಹಜ. ಪದವಿಲ್ಲದ ಬೆರಳು ಕಂಡರೆ ಏನೋ ಬಾಕಿ ಇದೆ ಅಂತ ಮಗುವೇ ಹುಡುಕುತ್ತದೆ. ‘ಗೋಸ್’ನ ಕೊನೆಯ ಸದ್ದಿಗೆ ತೋರುಬೆರಳಿನ ತುದಿಯನ್ನಷ್ಟೇ ಚಿವುಟಿ ಹಿಡಿದರೆ ಸಾಕು. ಒಂದು ಸಲಕ್ಕೆ ಒಂದೇ ಬೆರಳು. ಎರಡೂ ತಪ್ಪನ್ನು ಒಟ್ಟಿಗೆ ತೋರಿಸಿದರೆ ಮಗು ಗಪ್‌ಚುಪ್.

ಬೆರಳು ಹಿಡಿದ ಮೇಲೆ ಕಾಯಬೇಕು, ಕಷ್ಟದ ಭಾಗ ಇದೇ. ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅಮೆರಿಕದ ವಿಜ್ಞಾನ ತರಗತಿಗಳಲ್ಲಿ ಗಮನಿಸಿದಂತೆ, ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು 1 ಸೆಕೆಂಡಿನಷ್ಟು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು. ಮನಸ್ಸಿನಲ್ಲಿ ‘ಒಂದು, ಎರಡು, ಮೂರು’ ನಿಧಾನವಾಗಿ ಎಣಿಸಿ. ಆ ಹೊತ್ತಿನಲ್ಲಿ ತಲೆ ಅಲ್ಲಾಡಿಸಬಾರದು. ‘ಕೇಳ್ತಾ ಇದೀನಿ’ ಎಂದು ನಾವು ತಲೆ ಓಲಾಡಿಸುವುದು ಮಕ್ಕಳಿಗೆ ‘ಸರಿ’ ಅಂತ ಕಾಣುತ್ತದೆ, ತಪ್ಪು ವಾಕ್ಯವೇ ಗಟ್ಟಿಯಾಗುತ್ತದೆ.

ಭೂತಕಾಲಕ್ಕೆ ಹೆಬ್ಬೆರಳನ್ನು ಭುಜದ ಹಿಂದಕ್ಕೆ ತೋರಿಸುವ ಸನ್ನೆ ಬೇಗ ಹಿಡಿಸಿತು. ನಮ್ಮ ‘ಹಿಂದೆ’ಯಲ್ಲಿ ಜಾಗವೂ ಇದೆ, ಕಾಲವೂ ಇದೆ. ಆದರೆ ಮೊದಲ ದಿನ ‘ಯೆಸ್ಟರ್‌ಡೇ’ ಎಂದು ಬಾಯಲ್ಲಿ ಹೇಳಿಯೇ ತೋರಿಸಿ. ಇಲ್ಲದಿದ್ದರೆ ಎದ್ದು ಹಿಂದಿನ ಬೆಂಚಿಗೆ ಹೋಗುವವರಿದ್ದಾರೆ.

ಮುಂದಿನ ವಾರ: ಎರಡು ಬೆರಳು ಕೂಡಿಸಿ ‘ಐ ಆ್ಯಮ್’ ಅನ್ನು ‘ಐಮ್’ ಮಾಡುವುದು.