ಬೆನ್ನಿಗೆ ಗಾಳಿ, ನೆತ್ತಿಗೆ ಬಿಸಿಲು

ಹೊಲಗಳ ನಡುವಿನ ಚಪ್ಪಟೆ ರಸ್ತೆಯಲ್ಲಿ ದಿನಗಟ್ಟಲೆ ಸೈಕಲ್ ತುಳಿಯುವುದು ಬೆಟ್ಟದ ದಾರಿಗಿಂತ ಸುಲಭವೆಂದು ಹೊಸಬರು ಲೆಕ್ಕ ಹಾಕುವುದನ್ನು ನಾನು ಹಲವು ತಂಡಗಳಲ್ಲಿ ಕಂಡಿದ್ದೇನೆ. ಬೆಟ್ಟದಲ್ಲಿ ಏರು ಮುಗಿದ ಮೇಲೆ ಇಳಿಜಾರು ಸಿಗುತ್ತದೆ, ಕಾಲಾಡಿಸದೆ ಗಾಳಿಗೆ ಮೈಯೊಡ್ಡಿ ತಣಿಯಬಹುದು. ಬಯಲಿನಲ್ಲಿ ಆ ಬಿಡುವಿಲ್ಲ. ಒಂದೇ ಭಂಗಿಯಲ್ಲಿ, ಮರವಿಲ್ಲದ ರಸ್ತೆಯಲ್ಲಿ, ಗಂಟೆಗಟ್ಟಲೆ ತುಳಿಯುತ್ತಲೇ ಇರಬೇಕು.

ಸವಾರನ ದೇಹ ವ್ಯಯಿಸುವ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಹೆಚ್ಚೆಂದರೆ ಕಾಲು ಭಾಗ, ಮಿಕ್ಕದ್ದೆಲ್ಲ ಶಾಖ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ಆ ಶಾಖ ಹೊರಹೋಗಲು ಬೆವರು ಆರುವುದೊಂದೇ ದಾರಿ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ, ಆದರೆ ಹನಿಯಾಗಿ ರಸ್ತೆಗೆ ಬಿದ್ದ ಬೆವರಿನಿಂದ ತಂಪು ಸಿಗುವುದಿಲ್ಲ.

ಈ ಕಾರಣದಿಂದಲೇ ಬಿಸಿಲಿನ ಬಯಲಿನಲ್ಲಿ ನನಗೆ ಎದುರುಗಾಳಿಗಿಂತ ಹಿಂಗಾಳಿಯ ಮೇಲೆ ಅನುಮಾನ ಹೆಚ್ಚು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಹಿಂದಿನಿಂದ ಅಷ್ಟೇ ವೇಗದ ಗಾಳಿ ಬೀಸಿದರೆ, ಸವಾರನ ಪಾಲಿಗೆ ಗಾಳಿಯೇ ಇಲ್ಲ. ಆಗ ತೋಳಿನ ಮೇಲೆ ಬೆವರು ಆರದೆ ಮಣಿಗಳಾಗಿ ನಿಲ್ಲುತ್ತದೆ, ಹೆಲ್ಮೆಟ್ಟಿನ ಪಟ್ಟಿಯಿಂದ ಗಲ್ಲಕ್ಕೆ ಇಳಿದು ಹ್ಯಾಂಡಲ್ ಮೇಲೆ ತೊಟ್ಟಿಕ್ಕುತ್ತದೆ. ಎಲ್ಲರೂ ವೇಗದ ಅಂಕಿ ನೋಡಿ ಹಿಗ್ಗುತ್ತಿರುವ ಹೊತ್ತೇ ಮೈ ಬಿಸಿಯೇರುವ ಹೊತ್ತು.

ಸಾಲಾಗಿ ಹೋಗುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋದರೆ ಗಾಳಿಯ ಅಡ್ಡಿ ಬಹಳ ಕಡಿಮೆಯಾಗುತ್ತದೆ ಎಂಬುದು ನಿಜ. ಶ್ರಮ ಇಳಿದಷ್ಟು ಶಾಖವೂ ಇಳಿಯುತ್ತದೆ. ಆದರೆ ಆ ಮರೆಯಲ್ಲಿ ತಂಗಾಳಿಯೂ ಸಿಗುವುದಿಲ್ಲ. ಉರಿಬಿಸಿಲಿನಲ್ಲಿ ಸಾಲನ್ನು ಸ್ವಲ್ಪ ಸಡಿಲಿಸಿ, ಮುಂದಾಳನ್ನು ಬೇಗಬೇಗ ಬದಲಿಸುತ್ತಾ, ಹಿಂದೆ ಬೀಳುವವರಿಗೆ ಒಗ್ಗುವ ವೇಗದಲ್ಲಿ ಸಾಗುವ ತಂಡವೇ ಸಂಜೆಗೆ ಇಡಿಯಾಗಿ ತಲುಪುತ್ತದೆ. ಸರಾಸರಿ ವೇಗವನ್ನು ಊರಿಗೆಲ್ಲ ಸಾರುವವರ ಬಗ್ಗೆ ನನಗೆ ಅಷ್ಟೇನೂ ಸಹನೆಯಿಲ್ಲ.

ಇನ್ನು ಬೆಳೆ. ಅಮೆರಿಕದ ಅಯೋವಾ ರಾಜ್ಯವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುವ, 1973ರಲ್ಲಿ ಇಬ್ಬರು ಪತ್ರಕರ್ತರಿಂದ ಆರಂಭವಾದ ರಾಗ್‌ಬ್ರೈ ಎಂಬ ಸಾಮೂಹಿಕ ಸೈಕಲ್ ಪ್ರವಾಸ ನಡೆಯುವುದು ಜುಲೈ ಕೊನೆಯ ಭಾಗದಲ್ಲಿ, ಮೆಕ್ಕೆಜೋಳ ಆಳೆತ್ತರ ಬೆಳೆದು ನಿಂತಿರುವಾಗ. ಒಂದು ಎಕರೆ ಮೆಕ್ಕೆಜೋಳ ದಿನಕ್ಕೆ 11,000 ಲೀಟರಿಗೂ ಹೆಚ್ಚು ನೀರನ್ನು ಆವಿಯಾಗಿ ಬಿಡಬಲ್ಲದು. ಹಸಿರು ಕಂಡು ತಂಪೆಂದು ಭ್ರಮಿಸುವ ಸವಾರನಿಗೆ ಅಲ್ಲಿ ಎದುರಾಗುವುದು ಬೆವರನ್ನು ಆರಗೊಡದ ತೇವಾಂಶ.

ನೀರಿನ ವಿಷಯದಲ್ಲಿ ಉಪದೇಶಗಳಿಗೆ ಕೊರತೆಯಿಲ್ಲವಾದ್ದರಿಂದ ಉಪ್ಪಿನ ಬಗ್ಗೆ ಮಾತ್ರ ಹೇಳುತ್ತೇನೆ. ಮಧ್ಯಾಹ್ನದ ತಂಗುದಾಣದಲ್ಲಿ ಕಪ್ಪು ಜರ್ಸಿಗಳ ಬೆನ್ನನ್ನು ನೋಡಿ. ಒಣಗಿದ ಬೆವರು ಬಿಳಿಯ ಗೆರೆಗಳಾಗಿ, ಒಂದರ ಹೊರಗೊಂದು ಮೂಡಿರುತ್ತದೆ. ಹೋಗಿರುವ ಉಪ್ಪನ್ನು ತುಂಬದೆ ದಿನವಿಡೀ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಪ್ರಮಾಣ ಕುಸಿದು ತಲೆನೋವು, ವಾಕರಿಕೆ, ಗೊಂದಲ ಕಾಣಿಸಿಕೊಳ್ಳಬಹುದು.

ದೇಹ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು, ಹಾಗಾಗಿ ತಂಪು ಪ್ರದೇಶದಿಂದ ನೇರವಾಗಿ ಬಂದವರನ್ನು ಮೊದಲ ದಿನಗಳಲ್ಲಿ ಸಾಲಿನ ಮುಂದೆ ಬಿಡಬಾರದು. ನಸುಕಿನಲ್ಲೇ ಹೊರಟು ನಡುಹಗಲನ್ನು ನೆರಳಿನಲ್ಲಿ ಕಳೆಯುವುದನ್ನು ಸೋಮಾರಿತನವೆನ್ನುವವರು ತಂಡದಲ್ಲಿ ಒಬ್ಬರಾದರೂ ಇರುತ್ತಾರೆ. ಅವರಿಗೆ ಉತ್ತರ ಕೊಡಬೇಕಾಗಿಲ್ಲ. ಸಾಲಿನ ಕೊನೆಯಲ್ಲಿ ಮಾತ್ರ ಅನುಭವಿಯೊಬ್ಬರು ಇರಲೇಬೇಕು. ಕೇಳಿದ ಪ್ರಶ್ನೆಗೆ ತಡವಾಗಿ ಅಥವಾ ಅಸಂಬದ್ಧವಾಗಿ ಉತ್ತರಿಸುವವರನ್ನು, ಸೈಕಲ್ ಅತ್ತಿತ್ತ ವಾಲಿಸುವವರನ್ನು ಅವರು ಆಗಲೇ ಇಳಿಸಬೇಕು. ಶಾಖಾಘಾತದ ಶಂಕೆಯಿದ್ದರೆ ತುರ್ತು ನೆರವಿಗೆ ಕರೆ ಮಾಡಿ, ವಾಹನಕ್ಕಾಗಿ ಕಾಯುತ್ತ ಕೂರದೆ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತಲೇ ಇರಬೇಕು. ಅದಕ್ಕಾಗಿ ಪ್ರತಿಯೊಬ್ಬರೂ ಕುಡಿಯುವ ನೀರಿನ ಜೊತೆಗೆ ಮುಟ್ಟದ ಬಾಟಲಿಯೊಂದನ್ನು ಇಟ್ಟುಕೊಂಡಿರಬೇಕೆಂಬುದು ನಮ್ಮ ತಂಡದ ನಿಯಮ.