ಬಸವನ ಬಾಯಿಂದ ಬರುವ ಗಂಗೆ

ಕೋಲಾರದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ಎಲ್ಲಿಂದ ಬರುತ್ತದೆ ಎಂದು ಹಿರಿಯರನ್ನು ಕೇಳಿದರೆ ಒಂದೇ ಮಾತು: ಕಾಶಿಯ ಗಂಗೆ ನೆಲದೊಳಗೇ ಹರಿದು ಇಲ್ಲಿಗೆ ಬರುತ್ತಾಳೆ, ಅದಕ್ಕೇ ಬೆಟ್ಟದ ದೇವರು ಕಾಶಿ ವಿಶ್ವೇಶ್ವರ. ಕಾರ್ತಿಕ ಸೋಮವಾರ ಮೆಟ್ಟಿಲು ಹತ್ತಿ ಬಂದವರು ಮೊದಲು ಧಾರೆಗೆ ಬೊಗಸೆ ಒಡ್ಡುತ್ತಾರೆ, ಕಣ್ಣಿಗೆ ಒತ್ತಿಕೊಂಡು ಒಂದು ಗುಟುಕು ಕುಡಿಯುತ್ತಾರೆ. ಮನೆಯಲ್ಲಿ ಉಳಿದ ಮುದುಕರಿಗೆಂದು ಬಾಟಲಿಗೂ ತುಂಬಿಕೊಳ್ಳುತ್ತಾರೆ.

ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಕೆರೆ ತುಂಬಿದರೆ ತುಂಬಿತು, ಇಲ್ಲವಾದರೆ ಬೋರ್‌ವೆಲ್ಲೇ ಗತಿ. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡಿಸಿ, ಕರ್ಪೂರ ಹಚ್ಚಿ ಕೊರೆಸಿದರೂ ಸಾವಿರ ಅಡಿ ದಾಟಿ ಬರೀ ಕಲ್ಲುಪುಡಿ ಹಾರಿದ್ದನ್ನು ಕಂಡ ಜನ ನಾವು. ಅಂಥ ಸೀಮೆಯಲ್ಲಿ ಬೆಟ್ಟದ ಮೇಲೆ, ಬಂಡೆಯ ಒಳಗಿಂದ ನೀರು ಬಂದರೆ ಕೈ ತಾನಾಗಿ ಮುಗಿಯುತ್ತದೆ.

ಭೂವಿಜ್ಞಾನ ಇದಕ್ಕೆ ಕಾರಣ ಹೇಳುತ್ತದೆ. ಈ ಬಗೆಯ ಗಟ್ಟಿ ಬಂಡೆ ನೀರು ಹೀರುವುದಿಲ್ಲ. ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ. ಮೇಲೆ ಬಿದ್ದ ಮಳೆ ಬಂಡೆ ಸಂದಿಯ ಮಣ್ಣಿನಲ್ಲಿ, ಹುಲ್ಲಿನ ಬೇರುಗಳ ನಡುವೆ ಇಂಗಿ, ಬಿರುಕು ಹಿಡಿದು ನಿಧಾನವಾಗಿ ಇಳಿದು, ಬಿರುಕು ಬಾಯ್ತೆರೆದ ಕಡೆ ಹೊರಬೀಳುತ್ತದೆ. ಇಳಿಯುವುದು ಅಷ್ಟು ನಿಧಾನ ಆದ್ದರಿಂದಲೇ ಮಳೆ ನಿಂತು ತಿಂಗಳುಗಳಾದರೂ ಒರತೆ ಜಿನುಗುತ್ತಿರುತ್ತದೆ.

ಇದನ್ನು ತಿಳಿದಾಗ ನನಗೆ ನೆನಪಾದದ್ದು ಭಗೀರಥನ ಕಥೆ. ಗಂಗೆ ಆಕಾಶದಿಂದ ನೇರವಾಗಿ ಧುಮುಕಿದರೆ ಭೂಮಿ ತಾಳಲಾರದು, ಆದ್ದರಿಂದ ಶಿವ ಜಟೆ ಒಡ್ಡಿದ. ಅಷ್ಟು ದೊಡ್ಡ ಗಂಗೆ ಆ ಜಟೆಯೊಳಗೆ ದಾರಿ ಕಾಣದೆ ಸುತ್ತಿದಳು. ಕಡೆಗೆ ಅವನು ಬಿಟ್ಟಷ್ಟೇ ಇಳಿದಳು. ಅಂತರಗಂಗೆ ಇರುವ ನಮ್ಮ ಶತಶೃಂಗ ಬೆಟ್ಟ ಪ್ರತಿ ಮಳೆಗಾಲದಲ್ಲೂ ಮಾಡುವುದು ಇದನ್ನೇ. ಮುಂದೆ ಜಹ್ನು ಋಷಿ ಆಕೆಯನ್ನು ಪೂರ್ತಿ ಕುಡಿದುಬಿಟ್ಟು, ಕಿವಿಯಿಂದ ಹೊರಗೆ ಬಿಟ್ಟನಂತೆ. ಒಂದು ಕಡೆ ಇಂಗಿಹೋದ ನೀರು ಇನ್ನೊಂದು ಕಡೆ ಚಿಮ್ಮುವುದನ್ನು ಕಣ್ಣಾರೆ ಕಂಡವರೇ ಈ ಕಥೆ ಕಟ್ಟಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಬಂಡೆಯ ಒಳಗು ಅವರಿಗೆ ಕಾಣಲಿಲ್ಲ, ನಿಜ. ಹೊರಗೆ ಕಂಡದ್ದನ್ನಂತೂ ಎಷ್ಟು ಚೆನ್ನಾಗಿ ನೋಡಿದ್ದರು! ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಬೆಂಕಿ ಬಿದ್ದರೆ ನನಗೆ ಸಂಕಟವಾಗುವುದೂ ಇದಕ್ಕೇ. ಸುಡುತ್ತಿರುವುದು ಶಿವನ ಜಟೆ.

ಕಾಶಿಯಿಂದ ಕೋಲಾರಕ್ಕೆ ನೆಲದಡಿ ದಾರಿಯಿಲ್ಲ, ಒಪ್ಪುತ್ತೇನೆ. ಆದರೆ ರಾಗಿ ಹೊಲ ಬಿಟ್ಟು, ದನ ಬಿಟ್ಟು ಕಾಶಿಗೆ ಹೋಗಲು ಯಾರಿಂದ ಆಗುತ್ತಿತ್ತು? ಹೋಗಲಾಗದವರ ಹತ್ತಿರ ಗಂಗೆಯೇ ಬಂದಳು ಎಂದ ಆ ಹಿರಿಯರ ಕರುಣೆಗೆ ನಾನು ನಮಸ್ಕರಿಸುತ್ತೇನೆ.

ಇಂಥದೇ ಇನ್ನೊಂದು ನಂಬಿಕೆ ಊರೊಳಗೂ ಇದೆ. ಅಲ್ಲಿನ ಕೋಲಾರಮ್ಮನ ಗುಡಿಯಲ್ಲಿ ಚೇಳಿನ ದೇವತೆ ಚೇಳಮ್ಮ ಇದ್ದಾಳೆ. ನೆಲದಲ್ಲಿರುವ ಅವಳ ಹುಂಡಿಗೆ ಕಾಣಿಕೆ ಹಾಕಿದರೆ ಚೇಳಿನ ಕಾಟ ಇರದೆಂಬ ನಂಬಿಕೆ. ಕಲ್ಲು ಸರಿಸಿದರೆ, ಸೌದೆ ರಾಶಿಗೆ ಕೈ ಹಾಕಿದರೆ ಚೇಳು ಇರಬಹುದಾದ ಸೀಮೆ ಇದು. ಕೆಂಪು ಚೇಳಿನ ವಿಷ ಹೃದಯಕ್ಕೇ ಪೆಟ್ಟು ಕೊಡುತ್ತದೆ. ಮಗು ನೀಲಿಗಟ್ಟುತ್ತಿದ್ದರೂ ಯಾಕೆಂದು ಹಿಂದಿನ ತಾಯಿಗೆ ತಿಳಿಯುತ್ತಿರಲಿಲ್ಲ. ಹೆಸರಿಲ್ಲದ ಆ ಭಯವನ್ನು ಅಮ್ಮಾ ಎಂದು ಕರೆದರು, ಮುಡಿಪು ಕಟ್ಟಿದರು, ಮರುದಿನ ಮತ್ತೆ ಹೊಲಕ್ಕೆ ಇಳಿದರು. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಮಾತ್ರೆ ಈ ವಿಷಕ್ಕೆ ಕೆಲಸ ಮಾಡುತ್ತದೆಂದು ತೋರಿಸಿದರು. ಹಳ್ಳಿಯ ಆಸ್ಪತ್ರೆಯಲ್ಲೂ ಕೊಡಬಹುದಾದ ಮಾತ್ರೆ ಅದು. ನನ್ನ ಮಟ್ಟಿಗೆ ಅದೂ ಚೇಳಮ್ಮನ ಪ್ರಸಾದವೇ. ಚೇಳು ಕುಟುಕಿದರೆ ಮೊದಲು ಆಸ್ಪತ್ರೆಗೆ ಓಡಿ. ಮಗು ಚೇತರಿಸಿಕೊಂಡ ಮೇಲೆ ಅದರ ಕೈಯಿಂದಲೇ ಅಮ್ಮನಿಗೆ ಕಾಣಿಕೆ ಹಾಕಿಸಿ.